ಅಮ್ಮನ ಹುತ್ತ, ಅತ್ತಿಗೆಯ ತೋಟ

ನಮ್ಮ ಅತ್ತಿಗೆ ನೆತ್ಸಾಯಿಯ ವಿಷಯ ಹೇಳಬೇಕೆಂದರೆ ಮೊದಲು ನಮ್ಮ ತವರಿನ ಮಣ್ಣನ್ನು ನಾಲ್ಕು ಮಾತು ಬಯ್ಯಲೇಬೇಕು. ಅದನ್ನು ಮಣ್ಣೆನ್ನುವುದೇ ತಪ್ಪು. ಸುತ್ತಲಿನ ಬಂಡೆಗುಡ್ಡಗಳು ಸವೆದು ಉದುರಿಸಿದ ಬಿಳಿ ಮರಳು ಅದು. ಒಂದು ಬಕೆಟ್ ನೀರು ಹೊಯ್ದು ಖಾಲಿ ಬಕೆಟ್ ಕೆಳಗಿಡುವಷ್ಟರಲ್ಲಿ ನೀರು ಎಲ್ಲಿ ಹೊಯ್ದೆವೆಂಬುದೇ ತಿಳಿಯುವುದಿಲ್ಲ. ಗೊಬ್ಬರ ಹಾಕಿದರೆ ಮೊದಲ ಮಳೆಗೇ ಎದ್ದು ಹೊರಟುಬಿಡುತ್ತದೆ. ನಮ್ಮ ಗುಟು ಸೀಮೆಯ ಗಂಡಸರು ಇದರ ಜೊತೆ ಗುದ್ದಾಡಲಾರದೆ ಗಣಿಗೆ, ಪಟ್ಟಣಕ್ಕೆ ಹೋದರು. ಹೆಂಗಸರು ಬೆಳಿಗ್ಗೆ ಸಂಜೆ ಅದಕ್ಕೆ ನೀರು ಹೊತ್ತು ಹಾಕುತ್ತ ಉಳಿದರು.

ನಾನು ಕೆಜಿಯಾ, ಆ ಮನೆಯ ಮಗಳು. ನದಿಯಾಚೆಯ ಊರಿಗೆ ಮದುವೆಯಾಗಿ ಹೋದವಳು. ನಮ್ಮ ಜನರಲ್ಲಿ ಹೆಣ್ಣುಮಗಳಿಗೆ ಗಂಡನ ಮನೆಯಲ್ಲಿ ಎಷ್ಟು ಬೆಲೆಯೋ ನಾನರಿಯೆ, ತವರಿನಲ್ಲಿ ಮಾತ್ರ ಅವಳು ದೊರೆಸಾನಿ. ಅಣ್ಣನ ಹೆಂಡತಿಗೆ ನಾನು 'ತೇತೆ'. ಅತ್ತೆ ಸೊಸೆಗೆ ಮನಸ್ತಾಪವಾದರೆ ಕರೆಸುವುದು ನನ್ನನ್ನು, ತೀರ್ಪು ಹೇಳುವುದು ನಾನು. ಆ ಅಧಿಕಾರ ನನಗೆ ಬಲು ಇಷ್ಟವಾಗಿತ್ತು, ಅದನ್ನೇಕೆ ಮುಚ್ಚಿಡಲಿ.

ನೆತ್ಸಾಯಿ ಎಂದರೆ 'ಕಾಟ ಕೊಡಿ' ಎಂದರ್ಥ. ಯಾರ ಮೇಲಿನ ಸಿಟ್ಟಿಗೆ ಅವಳಪ್ಪ ಆ ಹೆಸರಿಟ್ಟನೋ. ಪಕ್ಕದ ಬುಹೇರಾ ಸೀಮೆಯವಳು, ದೊಡ್ಡ ಜಿಂಕೆಯ ಕುಲದವಳು. ಆ ಕುಲದ ಹೆಣ್ಣನ್ನು ಗೌರವದಿಂದ ಕರೆಯುವಾಗ 'ಚಿಹೇರ' ಎನ್ನುತ್ತೇವೆ. ಚಿಹೇರ ಎಂದರೆ ಬಾಯಿ ಜೋರು, ಗಂಡನನ್ನು ಬೆರಳ ತುದಿಯಲ್ಲಿ ಆಡಿಸುವವಳು ಎಂದು ದೇಶಕ್ಕೆಲ್ಲ ಗೊತ್ತು. ನನ್ನ ಅಣ್ಣ ಜೊಸಾಯಾ ಮೆದು ಮನುಷ್ಯ, ಗಣಿಯಲ್ಲಿ ಕೆಲಸ, ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಬರುವವನು. ಇನ್ನು ಮನೆಯಲ್ಲಿ ಅಮ್ಮನೂ ಈ ಚಿಹೇರಳೂ ಜುಟ್ಟು ಹಿಡಿದುಕೊಳ್ಳುತ್ತಾರೆ, ನನ್ನ ಕಾಲಿಗೆ ಪುರುಸೊತ್ತಿರುವುದಿಲ್ಲ ಎಂದುಕೊಂಡೆ. ಇವಳು ನೋಡಿದರೆ ಮೂರು ಮಾತಿಗೆ ಒಂದು ಮಾತು ಆಡುವವಳು.

ಬಂದ ಮರುದಿನ ಹೊಸ ಸೊಸೆ ನಸುಕಿನಲ್ಲೆದ್ದು ಅಂಗಳ ಗುಡಿಸಬೇಕು. ನಮ್ಮಲ್ಲಿ ಅಂಗಳವೆಂದರೆ ಒಂದು ಎಲೆ ಇರಬಾರದು, ಹಾವು ಹರಿದರೆ ಗೆರೆ ಕಾಣಬೇಕು. ನೆತ್ಸಾಯಿ ಗುಡಿಸಿ, ಎಲೆ ಕಸವನ್ನೆಲ್ಲ ರಾಶಿ ಮಾಡಿ, ಮೊಣಕಾಲೂರಿ ಅಮ್ಮನನ್ನು ಕೇಳಿದಳು.

"ಅತ್ತೆ, ಈ ಎಲೆ ಎಲ್ಲಿ ಹಾಕ್ಲಿ?"

"ಎಲ್ಲಿ ಹಾಕ್ತಾರೆ? ಸುಡ್ತಾರೆ."

"ನಮ್ಮಪ್ಪನ ಮನೇಲಿ ತೋಟಕ್ಕೆ ಹಾಕ್ತಿದ್ವಿ."

"ಇದು ನಿಮ್ಮಪ್ಪನ ಮನೆ ಅಲ್ಲ ಕಣೇ."

ಅಮ್ಮ ಅಂದ ಮೇಲೆ ಮುಗಿಯಿತು. ಅತ್ತಿಗೆ ಎರಡು ವರ್ಷ ಸುಟ್ಟಳು. ಆದರೆ ಸುಡುವಾಗ ಆ ಬೆಂಕಿಯನ್ನೇ ನೋಡುತ್ತ ನಿಲ್ಲುತ್ತಿದ್ದಳು, ಅನ್ನ ಸೀಯುತ್ತಿರುವುದನ್ನು ನೋಡುವವರ ಹಾಗೆ.

ಮೂರನೆಯ ವರ್ಷ ಅಮ್ಮ ಮನೆಯ ಹಿಂದಿನ ತೋಟವನ್ನು ಅವಳ ಕೈಗಿತ್ತಳು. ಬೇಲಿಯವರೆಗೆ ಅರ್ಧ ಎಕರೆಗೆ ತುಸು ಕಡಿಮೆ ಜಾಗ, ನಡುವೆ ಒಂದು ಬಾವಿ. "ಈ ತೋಟದ ಸೊಪ್ಪು ವರ್ಷಪೂರ್ತಿ ಮಡಕೆಗೆ ಸಾಲೋ ಹಾಗೆ ಮಾಡು. ಆಮೇಲೆ ನಿನಗೆ ಬೇರೆ ಒಲೆ" ಎಂದಳು. ಬೇರೆ ಒಲೆಯೆಂದರೆ ಸಣ್ಣ ಮಾತಲ್ಲ. ಅಲ್ಲಿಯವರೆಗೆ ಸೊಸೆ ಅತ್ತೆಯ ಅಡುಗೆಮನೆಯಲ್ಲಿ ಬೇಯಿಸುವವಳು, ಒಂದು ಚಿಟಿಕೆ ಉಪ್ಪಿಗೂ ಕೈ ಜೋಡಿಸುವವಳು. ಸ್ವಂತ ಒಲೆ ಬಂದ ದಿನವೇ ಅವಳು ಆ ಮನೆಯ ಹೆಂಗಸು.

ಆ ವರ್ಷ ನೆತ್ಸಾಯಿ ಬೆಳೆದ ಸಾಸಿವೆ ಸೊಪ್ಪು ಎಳೆ ಕೂಸಿನ ಕಿವಿಯಷ್ಟಿತ್ತು, ಅದೂ ಹಳದಿ. ಟೊಮೇಟೊ ಹೂ ಬಿಟ್ಟು ಉದುರಿತು. ಮುದ್ದೆಗೆ ಸೊಪ್ಪಿಲ್ಲದೆ ದಿನ ಕಳೆಯುವುದುಂಟೆ? ಬುಟ್ಟಿ ಹಿಡಿದು ನೆರೆಮನೆಯ ಎಡ್ಮೋರ್ ತಾಯಿಯ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಆಕೆಯ ತೋಟ ಕಪ್ಪು ಹಸಿರು. ಆಕೆಯ ನಾಲಿಗೆಯೂ ಅಷ್ಟೇ ಫಲವತ್ತು.

"ಏನಮ್ಮ ಚಿಹೇರ, ಇವತ್ತೂ ನಮ್ಮನೆ ಸೊಪ್ಪೇನಾ? ಗಂಡ ನೆಲದೊಳಗಿಂದ ಚಿನ್ನ ತೆಗೀತಾನಂತೆ, ನಿನಗೆ ನೆಲದ ಮೇಲೆ ಒಂದು ಎಲೆ ತೆಗೆಯಕ್ಕಾಗಲ್ವಾ?"

ಎಡ್ಮೋರ್ ತಾಯಿಯ ತೋಟದ ಗುಟ್ಟು ಊರಿಗೇ ಗೊತ್ತಿತ್ತು: ಹುತ್ತದ ಮಣ್ಣು. ಗೆದ್ದಲು ಪಾತಾಳದಿಂದ ಹೊತ್ತು ತಂದು ಕಟ್ಟಿದ ಕೆಂಪು ಜೇಡಿಯನ್ನು ಒಡೆದು ಹರಡಿದರೆ ಮರಳು ನೀರು ಹಿಡಿಯಲು ಕಲಿಯುತ್ತದೆ. ಎಲ್ಲರೂ ತಮ್ಮ ತಮ್ಮ ಹುತ್ತ ಅಗೆದು ಮುಗಿಸಿದ್ದರು. ಉಳಿದದ್ದು ನಮ್ಮದೊಂದೇ. ತೋಟದ ಕೊನೆಯಲ್ಲಿ ಇಬ್ಬರು ಆಳಿನೆತ್ತರ, ಎರಡು ಎತ್ತಿನಗಾಡಿಯಗಲ, ನೆತ್ತಿಯ ಮೇಲೊಂದು ಹಣ್ಣಿನ ಮರ ಹೊತ್ತು ನಿಂತಿತ್ತು.

"ಅತ್ತೆ, ಹತ್ತು ಬುಟ್ಟಿ ತಗೊಳ್ಳಾ?" ಎಂದು ನೆತ್ಸಾಯಿ ಕೇಳಿದಳಂತೆ.

"ಹುತ್ತ ಹುತ್ತವಾಗೇ ಇರ್ಲಿ."

"ಐದು ಬುಟ್ಟಿ?"

"ಹುತ್ತ ಹುತ್ತವಾಗೇ ಇರ್ಲಿ ಅಂದೆ."

ಸೊಸೆಗೆ ಬೇರೆ ಒಲೆ ಕೊಡಲು ಮುದುಕಿಗೆ ಮನಸ್ಸಿಲ್ಲ, ಅದಕ್ಕೇ ಮಣ್ಣಿಗೆ ಅಡ್ಡ ಕೂತಿದ್ದಾಳೆ ಎಂದು ಊರು ಆಡಿಕೊಂಡಿತು. ನನಗೂ ಹಾಗೇ ಅನ್ನಿಸಿತು. ಹೆತ್ತ ತಾಯಿಯ ಬಗ್ಗೆ ಅಷ್ಟು ಬೇಗ ಕೆಟ್ಟದ್ದು ನಂಬಿದೆನಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ. ಅತ್ತಿಗೆ ಹೇಳಿ ಕಳಿಸಿದಳು, ನಾನು ಸೆರಗು ಬಿಗಿದುಕೊಂಡು ತೀರ್ಪಿಗೆ ಬಂದೆ.

"ಮಣ್ಣು ಕೊಟ್ರೆ ನಿನ್ನ ಗಂಟೇನು ಹೋಗತ್ತಮ್ಮ?"

ಅಮ್ಮ ಒಲೆ ಊದುತ್ತಿದ್ದಳು. ತಿರುಗಲಿಲ್ಲ.

"ಕಾರಣ ಹೇಳು."

"ಕಾರಣ ಇಲ್ಲ."

"ಕಾರಣ ಇಲ್ದಿದ್ರೆ ಇಲ್ಲಿ ಮಾತು ನಂದು. ನೆತ್ಸಾಯಿ, ನಾಳೆ ಬೆಳಿಗ್ಗೆ ಗುದ್ದಲಿ ತಗೊಂಡು ಬಾ. ನಾನೇ ಮೊದಲನೇ ಏಟು ಹಾಕ್ತೀನಿ."

ಬೆಳಿಗ್ಗೆ ಹೋಗಿ ನೋಡಿದರೆ ಅಮ್ಮ ನಮಗಿಂತ ಮೊದಲೇ ಅಲ್ಲಿದ್ದಳು. ಹುತ್ತದ ಬುಡದಲ್ಲಿ ಚಾಪೆ ಹಾಸಿ, ಕಾಲು ಚಾಚಿ, ಬೆನ್ನನ್ನು ಹುತ್ತಕ್ಕೆ ಕೊಟ್ಟು ಕೂತು, ಮೊರದ ತುಂಬ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದಳು.

"ಏಳಮ್ಮ" ಎಂದೆ. ಕೇಳಿಸದವಳಂತೆ ಸುಲಿದಳು. ನನಗೆ ಉರಿದುಹೋಯಿತು. ಬಗ್ಗಿ ಅವಳ ತೋಳು ಹಿಡಿದು ಎಳೆದೆ. ಒಣಗಿದ ಕಡ್ಡಿಯಂಥ ತೋಳು. ಅಷ್ಟು ಹಗುರವಾದವಳು ಆ ದಿನ ನೆಲಕ್ಕೆ ಬೇರು ಬಿಟ್ಟು ಕೂತಿದ್ದಳು.

ಹಿಂದಿನಿಂದ ಗುದ್ದಲಿ ಕೆಳಗಿಟ್ಟ ಸದ್ದಾಯಿತು. "ಬಿಡಿ ತೇತೆ" ಎಂದಳು ನೆತ್ಸಾಯಿ. "ಅತ್ತೇನ ಎಬ್ಬಿಸಿ ತೆಗೆದ ಮಣ್ಣಲ್ಲಿ ಏನು ಬೆಳೆದ್ರೂ ನನ್ನ ಗಂಟಲಲ್ಲಿ ಇಳಿಯಲ್ಲ." ಹೇಳಿ, ಚಾಪೆಯ ತುದಿಯಲ್ಲಿ ಕೂತು, ಅವಳೂ ಒಂದು ಹಿಡಿ ಕಡಲೆಕಾಯಿ ಸುಲಿಯತೊಡಗಿದಳು. ಗೆದ್ದವಳೇ ನನ್ನ ತೀರ್ಪನ್ನು ಒದ್ದುಬಿಟ್ಟಳಲ್ಲ ಎಂದು ಕೋಪಿಸಿಕೊಂಡು ನಾನು ಟೀ ಕೂಡ ಕುಡಿಯದೆ ನದಿ ದಾಟಿದೆ.

ಅದಾದ ಮೇಲೆ ಅತ್ತಿಗೆ ಮಾಡಿದ ಕೆಲಸ ಕೇಳಿ ನಾನು ತಲೆ ಚಚ್ಚಿಕೊಂಡೆ. ಗೋಣಿಚೀಲ ಹಿಡಿದು ಮನೆಮನೆಗೆ ಹೋಗಿ ಅಂಗಳದ ಕಸ ಕೇಳಿದ್ದಾಳೆ. ನಮ್ಮ ಊರಿನಲ್ಲಿ ಉಪ್ಪು ಕೇಳಬಹುದು, ಬೆಂಕಿ ಕೇಳಬಹುದು, ಕಸ ಕೇಳುವುದುಂಟೆ? ಅಂಗಳದ ಕಸದಲ್ಲಿ ಮನೆಯವರ ಹೆಜ್ಜೆಯ ಮಣ್ಣಿರುತ್ತದೆ. ಹೆಜ್ಜೆಯ ಮಣ್ಣು ಇನ್ನೊಬ್ಬರ ಕೈ ಸೇರಿತೆಂದರೆ ಆ ಮನುಷ್ಯನೇ ಅವರ ಕೈ ಸೇರಿದಂತೆ. ಕಸವನ್ನು ನಾವು ಸುಡುವುದು ಹಾವಿನ ಭಯಕ್ಕೆ ಎಷ್ಟೋ, ಈ ಭಯಕ್ಕೂ ಅಷ್ಟೇ. ಅವಳ ತಂದೆಯ ಮನೆ ಊರಾಚೆ ಒಂಟಿಮನೆ, ಅವಳಿಗದು ಹೊಳೆದೇ ಇರಲಿಲ್ಲ.

ಎಡ್ಮೋರ್ ತಾಯಿ ಊರ ಯಜಮಾನನ ಮರದ ಕೆಳಗೆ ದೂರು ಒಯ್ದಳು. ನಾನೂ ಹೋಗಿ ಕೂತೆ.

"ನನ್ನ ಹೆಜ್ಜೆ ಎತ್ಕೊಂಡು ಹೋಗೋರು ಯಾಕೆ ಎತ್ಕೊಂಡು ಹೋಗ್ತಾರೆ ಅಂತ ನಾನು ಬಾಯಿ ಬಿಟ್ಟು ಹೇಳ್ಬೇಕಾ?" ಎಂದಳು ಆಕೆ. "ನಾಳೆ ನನಗೆ ಕಾಲು ಊದ್ಕೊಂಡ್ರೆ?"

"ನಿನಗೆ ಹೋದ ವರ್ಷದಿಂದ್ಲೇ ಊದಿದೆಯಲ್ಲಮ್ಮ" ಎಂದ ಯಜಮಾನ. ಆದರೂ ಜನರ ಮುಖ ಬಿಗಿದೇ ಇತ್ತು. ಒಮ್ಮೆ ಹೆಂಗಸಿನ ಮೇಲೆ ಮಾಟಗಾತಿ ಎಂಬ ಹೆಸರು ಕೂತರೆ ಅಳಿಸುವುದಕ್ಕೆ ಜನ್ಮ ಸಾಲದು.

ಆಗ ಎದ್ದವಳು ಅಮ್ಮ.

"ಇವಳಿಗೆ ಅಂಥ ವಿದ್ಯೆ ಬರೋದಾಗಿದ್ರೆ ಮೊದ್ಲು ಹೋಗ್ಬೇಕಾಗಿದ್ದೋಳು ನಾನು" ಎಂದಳು. "ನಾಲ್ಕು ವರ್ಷದಿಂದ ಇವಳು ಬೇಯ್ಸಿದ್ದೇ ತಿಂತಾ ಇದೀನಿ. ಒಲೆ ಕೊಟ್ಟಿಲ್ಲ, ಮಣ್ಣು ಕೊಟ್ಟಿಲ್ಲ, ದಿನಾ ಬಯ್ತೀನಿ. ಸಾಯ್ಸಕ್ಕೆ ಇವಳಿಗೆ ಕಾರಣ ಕಮ್ಮಿ ಇತ್ತಾ? ನೋಡಿ, ದಪ್ಪಗಾಗಿದೀನಿ."

ಮೊದಲು ನಕ್ಕವನು ಯಜಮಾನ. ಆಮೇಲೆ ಎಲ್ಲರೂ ನಕ್ಕರು. ನೆತ್ಸಾಯಿ ಮೊಣಕಾಲೂರಿ, ಹಿರಿಯರಿಗೆ ಗೌರವವೆಂದು ಅಂಗೈ ಬಡಿದು, ಒಂದೇ ಸಲಕ್ಕೆ ತನ್ನ ಒಂದು ತಿಂಗಳ ಮಾತನ್ನೆಲ್ಲ ಆಡಿ ಮುಗಿಸಿದಳು.

"ನನಗೆ ಯಾರ ಹೆಜ್ಜೆನೂ ಬೇಡ, ಎಲೆ ಸಾಕು. ಭಯ ಇದ್ರೆ ನೀವೇ ತಂದು ನಿಮ್ಮ ಕೈಯಾರೆ ಸುರೀರಿ. ಮೇಲೆ ನೀವೇ ನೀರು ಹುಯ್ದು ಹೋಗಿ. ಸೊಪ್ಪು ಬಂದ್ರೆ ಸುರಿದವರಿಗೆಲ್ಲ ಒಂದೊಂದು ಹಿಡಿ."

ಮರುದಿನ ನಸುಕಿನಲ್ಲಿ ಅಮ್ಮ ತನ್ನ ಅಂಗಳದ ಎಲೆಗೆ ಬೆಂಕಿ ಇಡಲಿಲ್ಲ. ಮೊರದಲ್ಲಿ ತುಂಬಿಕೊಂಡು ಹೋಗಿ ತೋಟದಲ್ಲಿ ಸುರಿದು ಬಂದಳು. ಎರಡನೆಯವಳು ಎಡ್ಮೋರ್ ತಾಯಿ. ಒಂದು ಬಕೆಟ್ ಎಲೆ, ಎರಡು ಬಕೆಟ್ ನೀರು. ಅಲ್ಲಿಂದ ಮುಂದೆ ಆಕೆ ತನ್ನ ಹೆಜ್ಜೆ ಸುರಿದ ಜಾಗದಲ್ಲೇ ಇದೆಯೋ ಇಲ್ಲವೋ ಎಂದು ನೋಡಲು ದಿನವೂ ಬರುತ್ತಿದ್ದಳು. ಬಂದವಳು ನೀರು ಹುಯ್ಯುತ್ತಿದ್ದಳು. ಅತ್ತಿಗೆಗೆ ಸಂಬಳವಿಲ್ಲದ ಆಳೊಂದು ಸಿಕ್ಕಿತು. ಒಂದು ತಿಂಗಳೊಳಗೆ ಹದಿನಾಲ್ಕು ಮನೆಯ ಕಸ ಆ ತೋಟಕ್ಕೆ ಬೀಳುತ್ತಿತ್ತು.

ಅವಳು ಕೆಲಸ ಮಾಡುವುದನ್ನು ನೋಡಬೇಕಿತ್ತು. ಮೊಣಕಾಲುದ್ದ ಕಾಲುವೆ ತೋಡುವಳು. ಕೆಳಗೆ ಮೆಕ್ಕೆಜೋಳದ ದಂಟು, ಅದರ ಮೇಲೆ ಎಲೆ, ಅದರ ಮೇಲೆ ಆಡಿನ ಹಿಕ್ಕೆ, ಒಂದು ಹಿಡಿ ಒಲೆ ಬೂದಿ, ಮತ್ತೆ ಎಲೆ. ಪಾತ್ರೆ ತೊಳೆದ ನೀರಿನಿಂದ ಅದನ್ನು ನೆನೆಸಿ, ಮರಳು ಮುಚ್ಚಿ, ಮೇಲೆ ಒಣಹುಲ್ಲು ಹೊದಿಸುವಳು. ಒಂದು ಕಾಲುವೆ ಮುಗಿದರೆ ಪಕ್ಕದಲ್ಲಿ ಇನ್ನೊಂದು. ಅರ್ಧ ಎಕರೆಯನ್ನು ಹೀಗೆ ಮೊಳ ಮೊಳವಾಗಿ ತೋಡಿ ಮುಚ್ಚಲು ಅವಳಿಗೆ ಮೂರು ವರ್ಷ ಹಿಡಿಯಿತು. ಬೆನ್ನಿಗೆ ಹಿರಿಯ ಮಗಳನ್ನು ಕಟ್ಟಿಕೊಂಡು ಶುರುಮಾಡಿದ್ದಳು. ಮುಗಿಯುವಷ್ಟರಲ್ಲಿ ಆ ಹುಡುಗಿ ತಾನೇ ಹಿಕ್ಕೆ ಆರಿಸಿ ತರುತ್ತಿದ್ದಳು.

ಎರಡನೆಯ ವರ್ಷ ಹುತ್ತದ ಗೆದ್ದಲು ಹುಲ್ಲಿನ ಹೊದಿಕೆಗೆ ಬಿತ್ತು. ನೆತ್ಸಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋಡಿ ತೇತೆ. ಮಣ್ಣು ಕೇಳಿದ್ರೆ ಬರ್ಲಿಲ್ಲ, ಹುಳ ಕರೀದೇ ಬಂತು." ಹುಲ್ಲೆತ್ತಿ ನೋಡಿದರೆ, ಗೆದ್ದಲು ತಿಂದ ಕಡೆಯೆಲ್ಲ ಕೆಂಪು ಮಣ್ಣಿನ ಸಣ್ಣ ಸಣ್ಣ ಪೊರೆ. ಅವು ಬರುವಾಗ ತಮ್ಮ ದಾರಿಗೆ ಬೇಕಾದ ಜೇಡಿಯನ್ನು ಬಾಯಲ್ಲಿ ಹೊತ್ತು ತಂದಿದ್ದವು. ಅಮ್ಮ ಬಗ್ಗಿ ಬೆರಳಲ್ಲಿ ಅದನ್ನು ಮುಟ್ಟಿದಳು. "ಹುತ್ತಕ್ಕೆ ಕೊಡ್ಬೇಕು ಅನ್ಸಿದಷ್ಟು ಅದೇ ತಂದ್ಕೊಡ್ತಾ ಇದೆ ಕಣೇ" ಎಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮೂರನೆಯ ವರ್ಷದ ಚಳಿಗಾಲದಲ್ಲಿ ಒಂದು ದಿನ ಅತ್ತಿಗೆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಬಿಚ್ಚಿ, ನನಗೆ ತೋರಿಸಿದಳು. ಕಂದು ಬಣ್ಣದ ಉಂಡೆ ಅಂಗೈಯಲ್ಲಿ ಹಾಗೇ ಕೂತಿತ್ತು, ಉದುರಲಿಲ್ಲ. ಅದರೊಳಗಿಂದ ಒಂದು ಎರೆಹುಳ ತಲೆ ಹೊರಹಾಕಿತು. ಅವಳು ಕಣ್ಣು ತುಂಬಿಕೊಂಡಳು. ಆಗ ಅವಳು ಮತ್ತೆ ಬಸುರಿ.

ಆ ಅಕ್ಟೋಬರಿನಲ್ಲಿ, ನಮ್ಮಲ್ಲಿ ಮಳೆಗೆ ಮುಂಚಿನ ಸುಡುಬೇಸಿಗೆಯಲ್ಲಿ, ಗಂಡುಮಗು ಹುಟ್ಟಿತು. ಬಾಣಂತನಕ್ಕೆಂದು ನಾನು ಬಂದಿದ್ದೆ. ಮಗುವಿಗೆ ಉಸಿರು ಸರಿಯಿರಲಿಲ್ಲ. ಆರು ದಿನ ಇತ್ತು, ಏಳನೆಯ ದಿನ ಬೆಳಿಗ್ಗೆ ಹೋಯಿತು.

ಹಲ್ಲು ಮೂಡದ ಕೂಸು ಹೋದರೆ ನಮ್ಮಲ್ಲಿ ಅಳುವಂತಿಲ್ಲ. ನೆಂಟರಿಗೆ ಹೇಳಿ ಕಳಿಸುವುದಿಲ್ಲ. ಗಂಡಸರು ಬರುವುದಿಲ್ಲ, ಎಲ್ಲಿ ಎಂದು ಕೇಳುವುದೂ ಇಲ್ಲ. ಹೆತ್ತವಳನ್ನು ಒಳಗೆ ಮಲಗಿಸಿ, ಹಿರಿಯ ಹೆಂಗಸರು ಕೂಸನ್ನು ಒಯ್ದು ತೇವದ ಮಣ್ಣಿನಲ್ಲಿ ಮಲಗಿಸಿ ಬರುತ್ತಾರೆ. ಗುರುತು ಇಡುವುದಿಲ್ಲ. ಜಾಗ ತಾಯಿಗೂ ಹೇಳುವುದಿಲ್ಲ. ಕೂಸು ತಂಪಾಗಿರಬೇಕು, ಇಲ್ಲದಿದ್ದರೆ ಮುಂದಿನ ಮಳೆಗೂ ಮುಂದಿನ ಬಸುರಿಗೂ ಕೇಡು. ಇದನ್ನು ಹೀಗೆ ಬರೆಯುವುದು ತಪ್ಪೋ ಏನೋ. ನನ್ನ ಅಣ್ಣ ಓದುವವನಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

"ನದಿಗೆ ಹೋಗೋಣ್ವಾ?" ಎಂದು ಅಮ್ಮನನ್ನು ಕೇಳಿದೆ.

"ನದೀಲಿ ಈಗ ಏನಿದೆ, ಕಾದ ಮರಳು" ಎಂದು ಅಮ್ಮ ಗುದ್ದಲಿ ತೆಗೆದುಕೊಂಡಳು. ನಾನು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡೆ. ತೋಟದ ಮಡಿಗಳ ನಡುವೆ ಅವಳ ಹಿಂದೆ ನಡೆದೆ. ನೀರುಂಡ ಮಡಿಯೊಂದರ ಬಳಿ ನಿಲ್ಲುತ್ತಾಳೆ ಎಂದುಕೊಂಡೆ, ನಿಲ್ಲಲಿಲ್ಲ. ಹುತ್ತದ ಹಿಂಬದಿಗೆ ಹೋಗಿ, ಮರದ ಬೇರಿನ ಪಕ್ಕ ಮೊಣಕಾಲೂರಿ, ಒಂದು ಮೊಳ ಕೆರೆದಳು. ಆ ಸುಡು ಬಿಸಿಲಿನಲ್ಲೂ ಒಳಗೆ ಕೆಂಪು ಮಣ್ಣು ಒದ್ದೆಯಾಗಿತ್ತು. ಕೈಯಿಟ್ಟರೆ ಬಾವಿಯ ಗೋಡೆಯಷ್ಟು ತಂಪು.

"ಇಲ್ಲೇ" ಎಂದಳು. "ಇಲ್ಲಿ ಅವನಿಗೆ ಜೊತೆ ಇದೆ."

ನನಗೆ ಅರ್ಥವಾಗಲಿಲ್ಲ. "ಯಾರಮ್ಮ?"

"ನಿಮ್ಮಣ್ಣನಿಗೂ ನಿನಗೂ ನಡುವೆ ಒಬ್ಬ ಇದ್ದ. ಒಂಬತ್ತು ದಿನ."

ಅವಳು ಅಗೆಯುವುದನ್ನು ನಿಲ್ಲಿಸಲಿಲ್ಲ. ನಾನು ಕೂಸನ್ನು ಎದೆಗೊತ್ತಿಕೊಂಡು ಕೇಳಿದೆ, "ತಾಯಿಗೆ ಹೇಳೋದಿಲ್ವಲ್ಲಮ್ಮ. ಇಲ್ಲೇ ಅಂತ ನಿನಗೆ ಹೇಗೆ ಗೊತ್ತು?"

"ಯಾರೂ ಹೇಳ್ಲಿಲ್ಲ. ನಮ್ಮತ್ತೆ ವಾಪಸ್ ಬಂದು ಗುದ್ದಲೀನ ಗೋಡೆಗೆ ಒರಗಿಸಿದ್ರು. ಮಲಗಿದ್ದಲ್ಲಿಂದ ಕಾಣ್ತಿತ್ತು. ಗುದ್ದಲಿ ತುಂಬ ಕೆಂಪು. ನಮ್ಮನೆ ಮಣ್ಣೆಲ್ಲ ಬಿಳಿ ಅಲ್ವಾ."

ಅವಳ ತೋಳು ಹಿಡಿದು ಎಳೆದಿದ್ದೆನಲ್ಲ, ಆ ಕೈಯಿಂದಲೇ ಆಗ ಮಣ್ಣು ಮುಚ್ಚಿದೆ. ನಾಚಿಕೆಯಿಂದ ಸತ್ತುಹೋಗಬೇಕೆನ್ನಿಸಿತು. ಕ್ಷಮೆ ಕೇಳಲು ಬಾಯಿ ತೆರೆದರೆ ಅಮ್ಮ, "ಅಳ್ಬೇಡ, ಅಳೋ ಹಾಗಿಲ್ಲ" ಎಂದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಮೂವತ್ತೈದು ವರ್ಷ ತಡವಾಗಿ ಬಂದ ನೀರು.

ಬಾವಿಯ ಬಳಿ ಗುದ್ದಲಿಯನ್ನು ಮೂರು ಸಲ ತೊಳೆದೆ, ಒಂದು ಚೂರು ಕೆಂಪು ಉಳಿಯದಂತೆ. ಆಮೇಲೆ ಗಂಜಿ ತೆಗೆದುಕೊಂಡು ನೆತ್ಸಾಯಿಯ ಬಳಿ ಹೋದೆ. ಅವಳು ಚಾಪೆಯ ಮೇಲೆ ಮಲಗಿದ್ದಳು. ನನ್ನ ಮುಖ ನೋಡಲಿಲ್ಲ. ಅವಳ ಕಣ್ಣು ನನ್ನ ಕಾಲಿನ ಮೇಲಿತ್ತು. ಆಗ ನಾನೂ ನೋಡಿಕೊಂಡೆ. ಗುದ್ದಲಿ ತೊಳೆದವಳು ಕಾಲು ತೊಳೆದಿರಲಿಲ್ಲ. ಹಿಮ್ಮಡಿಯಿಂದ ಕಣಕಾಲಿನವರೆಗೆ ಕೆಂಪು ಮೆತ್ತಿತ್ತು.

ಅವಳು ಮೆಲ್ಲಗೆ ಕೈ ಚಾಚಿ ನನ್ನ ಕಣಕಾಲು ಹಿಡಿದಳು. ಒಣಗಿದ ಮಣ್ಣಿನ ಒಂದು ಚೂರು ಅವಳ ಬೆರಳಿಗೆ ಬಂತು. ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ಗಂಜಿ ಆರುವವರೆಗೂ ನಾನು ಅಲ್ಲೇ ಕೂತಿದ್ದೆ.

ಮಳೆ ಬಂದು ಹೋದ ಮೇಲೆ, ಒಂದು ದಿನ ಸೊಪ್ಪು ತುಂಬಿದ ಬುಟ್ಟಿಯನ್ನು ನೋಡಿ ಅಮ್ಮ, "ಸಾಲತ್ತೆ ಕಣೇ. ಬೇರೆ ಒಲೆ ಹಾಕ್ಕೋ" ಎಂದಳು. ಸಾಲುವುದೇನು, ಹದಿನಾಲ್ಕು ಮನೆಗೂ ಹಿಡಿ ಹಿಡಿ ಕೊಟ್ಟು ಮಿಗುತ್ತಿತ್ತು. ಎಡ್ಮೋರ್ ತಾಯಿ ತನ್ನ ಪಾಲಿಗಿಂತ ಎರಡು ಎಲೆ ಹೆಚ್ಚೇ ಕಿತ್ತುಕೊಂಡು, "ಇದು ನನ್ನ ಹೆಜ್ಜೆಯಲ್ಲಿ ಬೆಳೆದಿದ್ದು" ಎಂದು ಬೀಗುತ್ತ ಹೋಗುತ್ತಿದ್ದಳು.

ಕ್ರಿಸ್‌ಮಸ್ಸಿಗೆ ಬಂದ ಅಣ್ಣ ಹೆಂಡತಿಗೆ ದುಂಡನೆಯ ಅಡುಗೆಮನೆ ಕಟ್ಟಿಕೊಟ್ಟ. ಬಾಗಿಲು ಎಲ್ಲಿ ಎಂದು ಕೇಳಿದರೆ ಅವಳು ತೋಟದ ತುದಿಗೆ, ಹುತ್ತದ ಕಡೆಗೆ ಕೈ ತೋರಿಸಿದಳು.

"ಯಾರಾದ್ರೂ ಆ ಕಡೆ ಬಾಗಿಲು ಇಡ್ತಾರಾ? ಬಂದೋರು ಮನೆ ಸುತ್ತು ಹಾಕ್ಕೊಂಡು ಬರ್ಬೇಕಾ?"

"ಸೊಪ್ಪು ತರಕ್ಕೆ ಹತ್ರ ಆಗತ್ತೆ" ಎಂದಳು.

ಅಮ್ಮ ಆಮೇಲೆ ಬಹಳ ವರ್ಷ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಹುತ್ತದ ಬುಡದಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಆ ವಿಷಯ ಒಮ್ಮೆಯೂ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಬರೀ ಕಡಲೆಕಾಯಿ, ಕೋಳಿ, ಎಡ್ಮೋರ್ ತಾಯಿಯ ಕಾಲು. ಕೊನೆಯ ದಿನಗಳಲ್ಲಿ ಅಮ್ಮನಿಗೆ ಬೇರೇನೂ ಸೇರುತ್ತಿರಲಿಲ್ಲ. ಕಡಲೆಕಾಯಿ ಅರೆದು ಹಾಕಿದ ಸೊಪ್ಪನ್ನು ನೆತ್ಸಾಯಿ ತುತ್ತು ತುತ್ತಾಗಿ ತಿನ್ನಿಸಿದರೆ, ಅಂಗೈ ಎರಡೂ ಸದ್ದಾಗದಂತೆ ಬಡಿದು, "ಚಿಹೇರ" ಎನ್ನುತ್ತಿದ್ದಳು. ನಮ್ಮಲ್ಲಿ ಕುಲದ ಹೆಸರು ಹಿಡಿದು ಕೈ ಬಡಿದರೆ ಅದೇ ದೊಡ್ಡ ಕೃತಜ್ಞತೆ.

ಹೋದ ಚಳಿಗಾಲದಲ್ಲಿ ಅಣ್ಣ ಗಣಿಯ ಕೆಲಸ ಮುಗಿಸಿ ಊರಿಗೆ ಬಂದ. ತಲೆ ಬೆಳ್ಳಗಾಗಿತ್ತು. ಬರುವಾಗ ಹೊಸದೊಂದು ಕೈಗಾಡಿಯನ್ನೂ ಗುದ್ದಲಿಯನ್ನೂ ತಂದಿದ್ದ. ಬಂದ ಮೂರನೆಯ ದಿನವೇ ನನಗೆ ಕರೆ ಬಂತು: ತೇತೆ ಬಂದು ತೀರ್ಪು ಹೇಳಬೇಕು.

ಹೋಗಿ ನೋಡಿದರೆ ಅಣ್ಣ ಹುತ್ತದ ಮುಂದೆ ಗುದ್ದಲಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಖಾಲಿ ಗಾಡಿ. ಅತ್ತಿಗೆ ಅವನಿಗೂ ಹುತ್ತಕ್ಕೂ ನಡುವೆ ನಿಂತಿದ್ದಳು.

"ಕೆಜಿಯಾ, ನೀನೇ ಹೇಳು" ಎಂದ ಅಣ್ಣ. "ಇಷ್ಟು ವರ್ಷ ಇವಳಿಗೆ ಒಂದು ಬುಟ್ಟಿ ಮಣ್ಣು ಕೊಡ್ಸಕ್ಕೆ ನನ್ನಿಂದ ಆಗ್ಲಿಲ್ಲ. ಅಮ್ಮನ ಎದುರು ಮಾತಾಡೋ ಧೈರ್ಯ ಇರ್ಲಿಲ್ಲ ನನಗೆ. ಗಣಿಯೊಳಗೆ ಅಗೀವಾಗೆಲ್ಲ ಅನ್ಕೋತಿದ್ದೆ, ಯಾರ್ಯಾರಿಗೋ ಅಗೀತೀನಿ, ಹೆಂಡ್ತಿಗೆ ಹತ್ತು ಬುಟ್ಟಿ ಅಗೆದು ಕೊಡ್ಲಿಲ್ಲ ಅಂತ. ಈಗ ಕೊಡ್ತೀನಿ ಅಂದ್ರೆ ಬೇಡ ಅಂತಾಳೆ. ಕಾರಣ ಕೇಳಿದ್ರೆ ಕಾರಣ ಇಲ್ಲ ಅಂತಾಳೆ."

"ಹುತ್ತ ಹುತ್ತವಾಗೇ ಇರ್ಲಿ" ಎಂದಳು ನೆತ್ಸಾಯಿ. ಅಮ್ಮನದೇ ಮಾತು, ಅಮ್ಮನದೇ ಧ್ವನಿ.

ಹೇಳಿದರೆ ಕಟ್ಟಳೆ ಮುರಿದಂತೆ, ಹೇಳದಿದ್ದರೆ ಅವನ ಇಷ್ಟು ವರ್ಷದ ಆಸೆಯನ್ನು ಸುಮ್ಮನೆ ತಳ್ಳಿದಂತೆ. ಅಡುಗೆಮನೆಗೆ ಹೋದೆ. ಅಮ್ಮನ ಚಾಪೆ ಸುತ್ತಿ ಇಟ್ಟಿತ್ತು. ತಂದು ಅವಳು ಹಾಸುತ್ತಿದ್ದ ಜಾಗದಲ್ಲೇ ಹಾಸಿ, ಕೂತು, ಕಾಲು ಚಾಚಿ, ಬೆನ್ನನ್ನು ಹುತ್ತಕ್ಕೆ ಕೊಟ್ಟೆ.

"ಇದೇ ತೀರ್ಪು" ಎಂದೆ.

ಅತ್ತಿಗೆ ಕಡಲೆಕಾಯಿಯ ಮೊರ ತಂದು ನನ್ನ ಪಕ್ಕ ಕೂತಳು. ಇಬ್ಬರೂ ಸುಲಿಯತೊಡಗಿದೆವು. ಅಣ್ಣ ನಿಂತೇ ಇದ್ದ. ನಮ್ಮನ್ನು ನೋಡಿದ, ಎದುರಿಗೆ ತಾನೇ ಕಟ್ಟಿದ ಅಡುಗೆಮನೆಯ ಬಾಗಿಲನ್ನು ನೋಡಿದ, ಮತ್ತೆ ನಮ್ಮನ್ನು ನೋಡಿದ. ಅತ್ತಿಗೆ ತಡೆಯುವ ಮೊದಲು ಅವನು ಒಂದು ಅಂಚಿಗೆ ಒಂದೇ ಒಂದು ಏಟು ಹಾಕಿದ್ದನಂತೆ. ಗುದ್ದಲಿಯ ತುದಿ ಕೆಂಪಾಗಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಅಂಗೈಯಿಂದ ಮಣ್ಣನ್ನು ಒರೆಸಿ, ಅದೇ ಜಾಗಕ್ಕೆ ಹಾಕಿ, ಕೈಯಿಂದ ಮೆತ್ತಗೆ ತಟ್ಟಿದ.

ಗಾಡಿಯನ್ನು ಮಗುಚಿ ಹಾಕಿ, ಅದರ ಮೇಲೆ ಕೂತು, ಕಡಲೆಕಾಯಿಗೆ ಕೈ ಚಾಚಿದ.

"ಇದರೊಳಗೆ ತಂಪಾಗಿರತ್ತಾ?" ಎಂದ.

"ಹೂಂ" ಎಂದಳು ಅತ್ತಿಗೆ. "ತುಂಬ ತಂಪಾಗಿರತ್ತೆ."